ಹಲ್ಲಿನ ಒಳನೋಟ: ಯಂತ್ರದೊಡನೆ ವಿವೇಕವೂ ಬೆಳೆಯಲಿ

ನಮ್ಮ ನಾಡಿನಲ್ಲಿ ಹಲ್ಲನ್ನು ಕುರಿತು ಒಂದು ವಿಚಿತ್ರವಾದ ಉದಾಸೀನವಿದೆ. ಜ್ವರ ಬಂದರೆ ಮರುದಿನವೇ ವೈದ್ಯರಲ್ಲಿಗೆ ಹೋಗುವವರು, ಹಲ್ಲು ಜುಮ್ಮೆಂದರೆ ಲವಂಗದೆಣ್ಣೆ ಹಚ್ಚಿ, ಉಪ್ಪುನೀರು ಮುಕ್ಕಳಿಸಿ, ಆ ಬದಿಯಿಂದ ಅಗಿಯುವುದನ್ನು ಬಿಟ್ಟು ತಿಂಗಳುಗಟ್ಟಲೆ ದಿನ ನೂಕುತ್ತಾರೆ. ಕೊನೆಗೆ ಕೆನ್ನೆ ಊದಿ ನಿದ್ದೆಗೆಟ್ಟಾಗ ದಂತವೈದ್ಯರ ಮುಂದೆ ಕುಳಿತು “ಕಿತ್ತುಬಿಡಿ” ಎನ್ನುತ್ತಾರೆ. ಮೊದಲು ಒಂದು ಕ್ಷ-ಕಿರಣ ಚಿತ್ರ ತೆಗೆಯೋಣವೆಂದು ವೈದ್ಯರು ಹೇಳಿದರೆ ಎರಡು ಬಗೆಯ ಉತ್ತರ ಬರುತ್ತದೆ. “ಅದಕ್ಕೇಕೆ ಬೇರೆ ದುಡ್ಡು?” ಎಂಬುದು ಒಂದು, “ಅದು ಮೈಗೆ ಕೆಟ್ಟದ್ದಂತೆ” ಎಂಬುದು ಇನ್ನೊಂದು. ಈ ಎರಡು ಮಾತುಗಳೂ ತಿಳಿವಳಿಕೆಯ ಕೊರತೆಯಿಂದ ಹುಟ್ಟಿದವು. ಆದರೆ ಇವಕ್ಕೆ ಎದುರಾಗಿ ಕೆಲವೆಡೆ ಬೆಳೆಯುತ್ತಿರುವ “ಬಂದವರಿಗೆಲ್ಲ ಎಲ್ಲ ಚಿತ್ರ” ಎಂಬ ರೂಢಿಯೂ ಅಷ್ಟೇ ಅವಿವೇಕದ್ದು ಎಂಬುದು ನಮ್ಮ ಅಭಿಪ್ರಾಯ.

ಬಾಯಿ ತೆರೆದಾಗ ಕಾಣುವುದು ಹಲ್ಲಿನ ಮೇಲ್ಭಾಗ ಮಾತ್ರ. ಬೇರು, ಬೇರನ್ನು ಹಿಡಿದ ಎಲುಬು, ಬೇರಿನ ತುದಿಯಲ್ಲಿ ಕಟ್ಟಿಕೊಂಡ ಕೀವು, ಒಂದಕ್ಕೊಂದು ಒತ್ತಿಕೊಂಡ ಎರಡು ಹಲ್ಲುಗಳ ನಡುವಿನ ಹುಳುಕು, ದವಡೆಯೊಳಗೆ ಅಡ್ಡಲಾಗಿ ಮಲಗಿದ ಬುದ್ಧಿಹಲ್ಲು ಇವಾವುವೂ ಬರಿಗಣ್ಣಿಗೆ ಕಾಣವು. ಚಿತ್ರವಿಲ್ಲದೆ ಹಲ್ಲು ಕೀಳುವುದು, ತಳ ಕಾಣದ ಬಾವಿಗೆ ಇಳಿದಂತೆ. ಅನೇಕ ವೇಳೆ ಉಳಿಸಬಹುದಾಗಿದ್ದ ಹಲ್ಲನ್ನೇ ಕಳೆದುಕೊಳ್ಳುವುದಕ್ಕೂ ಇದೇ ಕಾರಣ.

ಈ ವಿದ್ಯೆಯ ಚರಿತ್ರೆಯನ್ನು ಅರಿತರೆ ಭಯವೂ ಭ್ರಮೆಯೂ ಎರಡೂ ತಿಳಿಯಾಗುತ್ತವೆ. 1895ರ ನವೆಂಬರ್ 8ರಂದು ಜರ್ಮನಿಯ ವೂರ್ಟ್ಸ್‌ಬರ್ಗ್‌ನಲ್ಲಿ ವಿಲ್‌ಹೆಲ್ಮ್ ರಾಂಟ್‌ಜನ್ ಈ ಕಿರಣಗಳನ್ನು ಕಂಡುಹಿಡಿದರು. 1901ರಲ್ಲಿ ಭೌತಶಾಸ್ತ್ರದ ಮೊಟ್ಟಮೊದಲ ನೊಬೆಲ್ ಪಾರಿತೋಷಕ ಅವರಿಗೆ ಸಂದಿತು. ತಮ್ಮ ಶೋಧಕ್ಕೆ ಅವರು ಪೇಟೆಂಟ್ ಪಡೆಯಲಿಲ್ಲ. ಅದು ಲೋಕದ ಸೊತ್ತೆಂದು ಬಿಟ್ಟುಕೊಟ್ಟರು. ಜ್ಞಾನದ ದಾಸೋಹವೆಂದರೆ ಇದೇ ಅಲ್ಲವೆ? ಶೋಧದ ಸುದ್ದಿ ಹಬ್ಬಿದ ಕೆಲವೇ ವಾರಗಳಲ್ಲಿ, 1896ರ ಜನವರಿಯಲ್ಲಿ, ಬ್ರೌನ್‌ಶ್ವೈಗ್‌ನ ದಂತವೈದ್ಯ ಓಟೋ ವಾಲ್ಕಾಫ್ ತಮ್ಮದೇ ಹಲ್ಲುಗಳ ಚಿತ್ರ ತೆಗೆಸಿಕೊಂಡರು. ಕಪ್ಪು ಕಾಗದದಲ್ಲಿ ಸುತ್ತಿದ ಗಾಜಿನ ಫಲಕವನ್ನು ಬಾಯೊಳಗಿಟ್ಟುಕೊಂಡು ಅವರು ಕದಲದೆ ಇರಬೇಕಾದ ಅವಧಿ 25 ನಿಮಿಷ. ಇಂದು ಅದೇ ಕೆಲಸಕ್ಕೆ ಒಂದು ಸೆಕೆಂಡಿನ ಸಣ್ಣದೊಂದು ಅಂಶ ಸಾಕು.

ನಡುವಿನ ದಾರಿ ಸುಗಮವಾಗಿರಲಿಲ್ಲ. ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಎಡ್ಮಂಡ್ ಕೆಲ್ಸ್ ಎಂಬ ದಂತವೈದ್ಯರು 1896ರಿಂದಲೇ ಈ ಚಿತ್ರಗಳನ್ನು ತೆಗೆಯತೊಡಗಿದರು. ಕಿರಣಗಳ ತೀವ್ರತೆಯನ್ನು ಸರಿಹೊಂದಿಸಲು ಅವರು ತಮ್ಮ ಕೈಯನ್ನೇ ಯಂತ್ರದ ಮುಂದೆ ಹಿಡಿದು ನೋಡುತ್ತಿದ್ದರು. ಕೈಗೆ ಅರ್ಬುದ ಬಂದಿತು. ಬೆರಳುಗಳು ಹೋದವು, ಬಳಿಕ ತೋಳೇ ಹೋಯಿತು. 1928ರಲ್ಲಿ ಆ ಬಾಳು ದುರಂತದಲ್ಲಿ ಕೊನೆಗೊಂಡಿತು. ಅದೇ ಕಾಲದಲ್ಲಿ ಬಾಸ್ಟನ್ನಿನ ವಿಲಿಯಂ ರಾಲಿನ್ಸ್ ಎಂಬ ಇನ್ನೊಬ್ಬ ದಂತವೈದ್ಯರು ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿ, ಈ ಕಿರಣಗಳು ಜೀವಹಾನಿ ಮಾಡಬಲ್ಲವೆಂದು ತೋರಿಸಿ, ಯಂತ್ರಕ್ಕೆ ಸೀಸದ ಕವಚ ಬೇಕೆಂದು ಎಚ್ಚರಿಸಿದ್ದರು. ಆ ಮಾತಿಗೆ ಬಹುಕಾಲ ಯಾರೂ ಕಿವಿಗೊಡಲಿಲ್ಲ. ಹೊಸ ಯಂತ್ರ ಬಂದಾಗ ಬೆರಗು ಮೊದಲು ಬರುತ್ತದೆ, ಎಚ್ಚರ ಆಮೇಲೆ ಬರುತ್ತದೆ ಎಂಬುದಕ್ಕೆ ಈ ಇಬ್ಬರೂ ಸಾಕ್ಷಿ.

ಮುಂದೆ ಗಾಜಿನ ಫಲಕ ಹೋಗಿ ಫಿಲ್ಮ್ ಬಂದಿತು. ಸುಮಾರು ಏಳು ದಶಕಗಳ ಕಾಲ ಫಿಲ್ಮೇ ಆಳಿತು. ಅದಕ್ಕೊಂದು ಕತ್ತಲಕೋಣೆ ಬೇಕು, ರಾಸಾಯನಿಕಗಳು ಬೇಕು. ದ್ರಾವಣ ಹಳತಾದರೆ ಚಿತ್ರ ಮಸುಕಾಗುವುದು. ಮಸುಕಾದರೆ ರೋಗಿ ಮತ್ತೊಮ್ಮೆ ಕಿರಣಕ್ಕೆ ಒಡ್ಡಿಕೊಳ್ಳಬೇಕು. ಬಳಸಿ ಬಿಟ್ಟ ದ್ರಾವಣದಲ್ಲಿ ಬೆಳ್ಳಿಯ ಅಂಶ, ಫಿಲ್ಮಿನ ಪೊಟ್ಟಣದಲ್ಲಿ ಸೀಸದ ಹಾಳೆ. ಇವೆಲ್ಲ ಕಡೆಗೆ ಚರಂಡಿಗೋ ತಿಪ್ಪೆಗೋ ಸೇರುವ ಅಪಾಯವೂ ಇತ್ತು.

ಈ ಬಂಧನದಿಂದ ಬಿಡುಗಡೆ ದೊರೆತದ್ದು 1980ರ ದಶಕದಲ್ಲಿ. ಫ್ರಾನ್ಸಿನ ತುಲೂಸ್ ನಗರದ ದಂತವೈದ್ಯ ಫ್ರಾನ್ಸಿಸ್ ಮುಯೆನ್ ಫಿಲ್ಮಿನ ಜಾಗದಲ್ಲಿ ಒಂದು ಪುಟ್ಟ ಸಂವೇದಕವನ್ನು ಬಾಯೊಳಗಿಡುವ ವಿಧಾನವನ್ನು ರೂಪಿಸಿದರು. ಸಂವೇದಕದ ಮೇಲೆ ಬಿದ್ದ ಕ್ಷ-ಕಿರಣ ಮೊದಲು ಬೆಳಕಾಗುತ್ತದೆ. ಆ ಬೆಳಕು ವಿದ್ಯುತ್ತಾಗುತ್ತದೆ. ಗಣಕವು ಆ ವಿದ್ಯುತ್ತನ್ನು ಅಂಕೆಗಳಾಗಿ ಓದಿ, ತೆರೆಯ ಮೇಲೆ ಕ್ಷಣಮಾತ್ರದಲ್ಲಿ ಚಿತ್ರ ಬಿಡಿಸುತ್ತದೆ. ರೇಡಿಯೋವಿಸಿಯೋಗ್ರಫಿ ಎಂಬ ಹೆಸರಿನಿಂದ ಅದು 1987ರಲ್ಲಿ ಮಾರುಕಟ್ಟೆಗೆ ಬಂದಿತು. ನಮ್ಮ ಊರುಗಳ ದಂತ ಚಿಕಿತ್ಸಾಲಯಗಳಲ್ಲಿ ಇಂದಿಗೂ “ಆರ್‌ವಿಜಿ ತೆಗೆಯೋಣ” ಎನ್ನುವುದು ಇದೇ ಹೆಸರಿನ ಮೊದಲಕ್ಷರಗಳಿಂದ. 1990ರ ದಶಕದ ಕೊನೆಯಲ್ಲಿ ಇಟಲಿಯಲ್ಲೂ ಜಪಾನಿನಲ್ಲೂ ದವಡೆಯ ಮೂರು ಆಯಾಮದ ಚಿತ್ರ ಕೊಡುವ ಕೋನ್ ಬೀಮ್ ಸಿ.ಟಿ. ಯಂತ್ರಗಳು ಸಿದ್ಧವಾದವು.

ಇನ್ನು ಭಯದ ಮಾತು. ಕಲ್ಲು, ಮಣ್ಣು, ಗಾಳಿ, ಆಕಾಶಗಳಿಂದ ಪ್ರತಿಯೊಬ್ಬ ಮನುಷ್ಯನ ಮೇಲೂ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್‌ನಷ್ಟು ಸಹಜ ವಿಕಿರಣ ಬೀಳುತ್ತಲೇ ಇರುತ್ತದೆ. ಎಂದರೆ ದಿನಕ್ಕೆ ಆರು ಮೈಕ್ರೋಸೀವರ್ಟ್‌ಗಿಂತ ತುಸು ಹೆಚ್ಚು. ಬಾಯೊಳಗಿನ ಒಂದು ಡಿಜಿಟಲ್ ಚಿತ್ರದಿಂದ ಬೀಳುವುದು ಸಾಮಾನ್ಯವಾಗಿ ಕೆಲವೇ ಮೈಕ್ರೋಸೀವರ್ಟ್. ಹೆಚ್ಚುಕಡಮೆ ಒಂದು ದಿನದ ಸಹಜ ವಿಕಿರಣದಷ್ಟು. ಇಷ್ಟಕ್ಕೆ ಹೆದರಿ ಕೀವುಗಟ್ಟಿದ ಬೇರನ್ನು ಕಾಣದೆ ಬಿಡುವುದು ಜಾಣತನವಲ್ಲ. ಗರ್ಭಿಣಿಯರು ತಮ್ಮ ಸ್ಥಿತಿಯನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ತುರ್ತಲ್ಲದ ಚಿತ್ರವನ್ನು ಮುಂದೂಡಬಹುದು. ಆದರೆ ಸೋಂಕು ಏರುತ್ತಿರುವಾಗ ಚಿತ್ರವನ್ನೂ ಚಿಕಿತ್ಸೆಯನ್ನೂ ನಿರಾಕರಿಸುವುದು ತಾಯಿಗೂ ಮಗುವಿಗೂ ಕೇಡು.

ಹೀಗಿದ್ದರೂ “ವಿಕಿರಣ ಕಡಿಮೆ, ಆದ್ದರಿಂದ ಎಷ್ಟಾದರೂ ತೆಗೆಯಬಹುದು” ಎಂಬ ವಾದವನ್ನು ನಾವು ಒಪ್ಪುವುದಿಲ್ಲ. ಡಿಜಿಟಲ್ ವಿಧಾನದಿಂದ ಒಂದು ಚಿತ್ರದ ವಿಕಿರಣ ಅರ್ಧಕ್ಕಿಳಿದು, ಚಿತ್ರಗಳ ಸಂಖ್ಯೆ ಎರಡರಷ್ಟಾದರೆ ಉಳಿದದ್ದೇನು? ಗುಂಡಿ ಒತ್ತಿದೊಡನೆ ಚಿತ್ರ ಮೂಡುವ ಸುಲಭವೇ ಮತ್ತೆ ಮತ್ತೆ ಒತ್ತಲು ಪ್ರೇರಣೆಯಾಗುತ್ತದೆ. ಕೋನ್ ಬೀಮ್ ಯಂತ್ರದ ವಿಷಯದಲ್ಲಂತೂ ಎಚ್ಚರ ಇನ್ನೂ ಹೆಚ್ಚಿರಬೇಕು. ಅದರ ವಿಕಿರಣ, ಯಂತ್ರವನ್ನೂ ಚಿತ್ರದ ವಿಸ್ತಾರವನ್ನೂ ಅನುಸರಿಸಿ, ಹತ್ತಾರು ಮೈಕ್ರೋಸೀವರ್ಟ್‌ಗಳಿಂದ ನೂರಾರಕ್ಕೆ ಏರಬಲ್ಲದು. ಇಂಪ್ಲಾಂಟ್ ಕೂರಿಸಲು, ನರಕ್ಕೆ ತಾಗಿದ ಬುದ್ಧಿಹಲ್ಲನ್ನು ತೆಗೆಯಲು ಅದು ವರವೇ ಸರಿ. ಸಾಧಾರಣ ಹುಳುಕಿಗೆ ಅದು ಬೇಕಿಲ್ಲ. ಕೊಂಡ ಯಂತ್ರದ ಸಾಲ ತೀರಿಸುವುದು ರೋಗಿಯ ದವಡೆಯ ಹೊಣೆಯಲ್ಲ. ಬೆಳೆಯುವ ಮಕ್ಕಳ ದೇಹ ವಿಕಿರಣಕ್ಕೆ ಹೆಚ್ಚು ಮಿಡಿಯುವುದರಿಂದ ಅವರ ವಿಷಯದಲ್ಲಿ ಈ ಮಾತು ಇಮ್ಮಡಿ ಸತ್ಯ.

ಯಂತ್ರದ ಮಿತಿಯನ್ನೂ ಅರಿಯಬೇಕು. ಹಲ್ಲಿನ ಖನಿಜಾಂಶ ಸಾಕಷ್ಟು ಕರಗುವ ತನಕ ಹುಳುಕು ಚಿತ್ರದಲ್ಲಿ ಕಾಣದು. ತೆರೆಯ ಮೇಲೆ ಚಿತ್ರವನ್ನು ಹಿಗ್ಗಿಸಬಹುದು, ಕಪ್ಪುಬಿಳುಪನ್ನು ತಿದ್ದಬಹುದು. ಸಂವೇದಕ ಹಿಡಿಯದೆ ಬಿಟ್ಟದ್ದನ್ನು ಯಾವ ಗಣಕವೂ ಸೃಷ್ಟಿಸಲಾರದು. ಎಲ್ಲಕ್ಕಿಂತ ಮುಖ್ಯವಾಗಿ, ಗುಟ್ಕಾ, ತಂಬಾಕು, ಅಡಿಕೆಗಳಿಂದ ಕೆನ್ನೆಯ ಒಳಮೈಯಲ್ಲಿ ಮೂಡುವ ಬಿಳಿಯ ಮಚ್ಚೆ, ಮಾಯದ ಹುಣ್ಣು, ಬಾಯಿ ತೆರೆಯಲಾಗದ ಬಿಗಿತ ಇವು ಕ್ಷ-ಕಿರಣಕ್ಕೆ ಕಾಣುವುದಿಲ್ಲ. ಅವನ್ನು ಕಾಣಬೇಕಾದದ್ದು ವೈದ್ಯರ ಕಣ್ಣು ಮತ್ತು ಬೆರಳು. “ಎಕ್ಸ್-ರೇ ಚೆನ್ನಾಗಿದೆ” ಎಂಬ ಮಾತನ್ನು ನಂಬಿ ಗುಟ್ಕಾ ಮುಂದುವರಿಸುವವರು ತಮ್ಮನ್ನು ತಾವೇ ವಂಚಿಸಿಕೊಳ್ಳುತ್ತಾರೆ.

ಆದ್ದರಿಂದ ಸದ್ಭಕ್ತರಲ್ಲಿ ನಮ್ಮ ವಿನಂತಿ ಇಷ್ಟು. ಚಿತ್ರ ತೆಗೆಯುವ ಮುನ್ನ “ಇದರಿಂದ ಚಿಕಿತ್ಸೆಯಲ್ಲಿ ಏನು ನಿರ್ಧಾರವಾಗುತ್ತದೆ?” ಎಂದು ವಿನಯದಿಂದ ಕೇಳಿರಿ, ಒಳ್ಳೆಯ ವೈದ್ಯರು ಸಂತೋಷದಿಂದ ಹೇಳುತ್ತಾರೆ. ಯಂತ್ರವು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಪಡೆದಿದೆಯೇ ಎಂದು ವಿಚಾರಿಸಿರಿ; ಅದು ಕಾನೂನಿನ ಅಗತ್ಯ. ಮುಖ್ಯವಾಗಿ, ತೆಗೆದ ಚಿತ್ರದ ಪ್ರತಿಯನ್ನು ಪಡೆದು ಜೋಪಾನ ಮಾಡಿರಿ. ಡಿಜಿಟಲ್ ಚಿತ್ರವನ್ನು ಮೊಬೈಲಿಗೆ ಕಳುಹಿಸಿಕೊಳ್ಳಲು ಖರ್ಚೇನೂ ಇಲ್ಲ. ವೈದ್ಯರನ್ನು ಬದಲಿಸಿದಾಗ ಅದನ್ನು ತೋರಿಸಿದರೆ ಎಷ್ಟೋ ವೇಳೆ ಮತ್ತೊಮ್ಮೆ ಚಿತ್ರ, ಮತ್ತೊಮ್ಮೆ ಹಣ ಎರಡೂ ತಪ್ಪುತ್ತವೆ.

ಮಠಗಳ ಮುಂದೆಯೂ ಒಂದು ಮಾತನ್ನು ಇಡಬಯಸುತ್ತೇವೆ. ಮೈಸೂರಿನ ಜೆ.ಎಸ್.ಎಸ್., ಚಿತ್ರದುರ್ಗದ ಎಸ್.ಜೆ.ಎಂ. ದಂತ ಮಹಾವಿದ್ಯಾಲಯಗಳಂಥ ಸಂಸ್ಥೆಗಳು ಮಠಗಳ ಆಶ್ರಯದಲ್ಲೇ ಬೆಳೆದಿವೆ. ಜಾತ್ರೆಗಳಲ್ಲಿ, ಪುಣ್ಯಸ್ಮರಣೆಗಳಲ್ಲಿ ಉಚಿತ ದಂತ ತಪಾಸಣಾ ಶಿಬಿರಗಳು ನಡೆಯುತ್ತಲೇ ಇರುತ್ತವೆ. ಟಾರ್ಚಿನ ಬೆಳಕಿನಲ್ಲಿ ನೋಡಿ, ಸಡಿಲವಾದ ಹಲ್ಲು ಕಿತ್ತು, ಒಂದು ಬ್ರಷ್ಷು ಪೇಸ್ಟು ಕೊಟ್ಟು ಕಳುಹಿಸುವಲ್ಲಿಗೆ ಶಿಬಿರ ಮುಗಿಯಬಾರದು. ನೋವಿರುವ ಹಲ್ಲನ್ನು ಉಳಿಸಬಹುದೇ ಎಂದು ಹೇಳಲು ಚಿತ್ರ ಬೇಕು. ಅನುಮತಿ ಪಡೆದ ಯಂತ್ರ, ತರಬೇತಿ ಹೊಂದಿದ ಸಿಬ್ಬಂದಿ, ಸೂಕ್ತ ರಕ್ಷಣೆ ಇವಿಷ್ಟರೊಡನೆ ಡಿಜಿಟಲ್ ಘಟಕವೊಂದು ಶಿಬಿರದೊಡನೆ ಹಳ್ಳಿಗೆ ಬರಲಿ. ಆಗದಿದ್ದರೆ ಆಯ್ದ ರೋಗಿಗಳನ್ನು ಸಮೀಪದ ಮಹಾವಿದ್ಯಾಲಯಕ್ಕೆ ಕರೆದೊಯ್ಯುವ ವಾಹನದ ಏರ್ಪಾಡಾದರೂ ಆಗಲಿ. ಅನ್ನದಾಸೋಹದ ಪಂಕ್ತಿಯಲ್ಲಿ ಕುಳಿತ ಹಿರಿಯರು ರೊಟ್ಟಿಯನ್ನು ಅಗಿಯಲಾಗದೆ ಸಾರಿನಲ್ಲಿ ನೆನೆಸಿ ನುಂಗುವುದನ್ನು ನಾವೆಲ್ಲ ಕಂಡಿದ್ದೇವೆ. ಅವರ ಹಲ್ಲು ಉಳಿಸುವುದೂ ದಾಸೋಹದ ಭಾಗವೇ.

ಶರಣರು ಶರೀರವನ್ನು ತುಚ್ಛವೆಂದು ಕಡೆಗಣಿಸಲಿಲ್ಲ; ಶಿವನಿರುವ ಮನೆಯೆಂದು ಕಂಡರು. ಅರಿವು ಆಚಾರವಾಗಿ ಇಳಿದಾಗಲೇ ಅದಕ್ಕೆ ಬೆಲೆ ಎಂಬುದು ಅವರ ನಿಲುವು. 25 ನಿಮಿಷದಿಂದ ಕ್ಷಣಮಾತ್ರಕ್ಕೆ ಇಳಿದ ಈ ವಿದ್ಯೆಯ ಹಿಂದೆ ತಮ್ಮ ಕೈಯನ್ನೇ ತೆತ್ತವರ ಶ್ರಮವಿದೆ. ಹೆದರಿ ಅದನ್ನು ದೂರವಿಡುವುದೂ ಬೇಡ, ಮರುಳಾಗಿ ದುಂದು ಮಾಡುವುದೂ ಬೇಡ. ಬೇಕಾದಾಗ, ಬೇಕಾದಷ್ಟು, ಕೇಳಿ ತಿಳಿದು ಬಳಸೋಣ.