ಕಾರು ಶೆಡ್ಡಿನ ನೆಲಕ್ಕೊಂದು ಹೊಸ ಅಂಗಿ

ಮಕ್ಕಳೇ, ನಿಮ್ಮ ಮನೆಯಲ್ಲಿ ಕಾರೋ ಸ್ಕೂಟರೋ ನಿಲ್ಲಿಸುವ ಜಾಗದ ನೆಲವನ್ನು ಒಮ್ಮೆ ಬಗ್ಗಿ ನೋಡಿ. ಎಣ್ಣೆ ತೊಟ್ಟಿಕ್ಕಿದ ಕಪ್ಪು ಕಲೆ, ಟೈರಿನ ಗುರುತು, ಗುಡಿಸಿದಷ್ಟೂ ಏಳುವ ಬೂದುಬಣ್ಣದ ಪುಡಿ. ಆ ಪುಡಿ ಬೀದಿಯಿಂದ ಬಂದ ಧೂಳಷ್ಟೇ ಅಲ್ಲ, ಸವೆಯುತ್ತಿರುವ ಕಾಂಕ್ರೀಟ್ ಕೂಡ. ಕಾಂಕ್ರೀಟ್ ಕಲ್ಲಿನಷ್ಟು ಗಟ್ಟಿ ಅನ್ನಿಸಿದರೂ ಅದರ ತುಂಬ ಕಣ್ಣಿಗೆ ಕಾಣದ ಸಣ್ಣ ಸಣ್ಣ ರಂಧ್ರಗಳಿವೆ. ನೀರನ್ನೂ ಎಣ್ಣೆಯನ್ನೂ ಅದು ಹೀರಿಕೊಳ್ಳುತ್ತದೆ. ಇದನ್ನು ತಡೆಯಲು ಈಗ ಹಲವರು ನೆಲಕ್ಕೆ ಎಪಾಕ್ಸಿ ಲೇಪ ಹಾಕಿಸುತ್ತಾರೆ.

ನೆಲಕ್ಕೆ ಲೇಪ ಹಚ್ಚುವುದು ನಮಗೇನೂ ಹೊಸದಲ್ಲ. ಮಣ್ಣಿನ ನೆಲಕ್ಕೆ ಸಗಣಿ ಸಾರಿಸುತ್ತಿದ್ದ ದಿನಗಳನ್ನು ಅಜ್ಜಿಯರನ್ನು ಕೇಳಿ, ಹೇಳುತ್ತಾರೆ. ಆಮೇಲೆ ರೆಡ್ ಆಕ್ಸೈಡ್ ನೆಲ ಬಂತು. ಸಿಮೆಂಟಿಗೆ ಕೆಂಪು ಪುಡಿ ಬೆರೆಸಿ, ನೆಲ ಇನ್ನೂ ಹಸಿಯಾಗಿರುವಾಗಲೇ ಹರಡಿ, ತಿಕ್ಕಿ ತಿಕ್ಕಿ ನುಣುಪು ಮಾಡುತ್ತಿದ್ದರು. ಅಲ್ಲಿ ಬಣ್ಣವೂ ನೆಲವೂ ಒಟ್ಟಿಗೇ ಗಟ್ಟಿಯಾಗುತ್ತಿದ್ದವು. ಎಪಾಕ್ಸಿ ಹಾಗಲ್ಲ. ನೆಲ ಗಟ್ಟಿಯಾದ ಮೇಲೆ ತೊಡಿಸುವ ಅಂಗಿ ಅದು. ಕೆಳಗಿನ ನೆಲ ಅದನ್ನು ಹಿಡಿದುಕೊಂಡರೆ ಉಳಿಯುತ್ತದೆ, ಇಲ್ಲದಿದ್ದರೆ ಏಳುತ್ತದೆ. ಈ ಒಂದು ಮಾತು ನೆನಪಿದ್ದರೆ ಮುಂದಿನದೆಲ್ಲ ಸುಲಭವಾಗಿ ತಿಳಿಯುತ್ತದೆ.

ಎಪಾಕ್ಸಿ ಅಂದರೇನು? ಮುರಿದ ಕಪ್ಪಿನ ಹಿಡಿ ಅಂಟಿಸಲು ಅಜ್ಜ ಅರಾಲ್ಡೈಟ್‌ನ ಎರಡು ಟ್ಯೂಬುಗಳಿಂದ ಒಂದಿಷ್ಟು ಒಂದಿಷ್ಟು ಹಿಂಡಿ ಕಡ್ಡಿಯಲ್ಲಿ ಕಲಸುವುದನ್ನು ನೋಡಿದ್ದೀರಲ್ಲ? ಅದೇ ಜಾತಿಯದು ಇದು. ಒಂದರಲ್ಲಿ ರಾಳ, ಇನ್ನೊಂದರಲ್ಲಿ ಅದನ್ನು ಗಟ್ಟಿ ಮಾಡುವ ಹಾರ್ಡನರ್. ಸ್ವಿಟ್ಜರ್ಲೆಂಡಿನ ರಸಾಯನವಿಜ್ಞಾನಿ ಪಿಯರ್ ಕಾಸ್ಟಾನ್ 1930ರ ದಶಕದಲ್ಲಿ ಈ ರಾಳದ ಮೇಲೆ ಕೆಲಸ ಮಾಡಿದ್ದು ಹಲ್ಲಿನ ಸೆಟ್ ತಯಾರಿಸಲು! ಅಲ್ಲಿ ಅದು ನಡೆಯಲಿಲ್ಲ. 1946ರಲ್ಲಿ ಅರಾಲ್ಡೈಟ್ ಎಂಬ ಅಂಟಾಗಿ ಮಾರುಕಟ್ಟೆಗೆ ಬಂತು.

ಗೋಡೆಗೆ ಹಚ್ಚಿದ ಡಿಸ್ಟೆಂಪರ್ ಒಣಗುವುದು ಅದರಲ್ಲಿರುವ ನೀರು ಆರಿಹೋದಾಗ. ಎಪಾಕ್ಸಿ ಹಾಗೆ ಆರಿ ಗಟ್ಟಿಯಾಗುವುದಲ್ಲ. ರಾಳ ಮತ್ತು ಹಾರ್ಡನರ್‌ನ ಅಣುಗಳು ಕೈಕೈ ಹಿಡಿದು ಬಲೆಯಂತೆ ಹೆಣೆದುಕೊಳ್ಳುತ್ತವೆ. ಆದ್ದರಿಂದಲೇ ಅಳತೆ ಮುಖ್ಯ. ಬೇಗ ಗಟ್ಟಿಯಾಗಲಿ ಎಂದು ಹಾರ್ಡನರ್ ಹೆಚ್ಚು ಸುರಿದರೆ, ಕೈ ಹಿಡಿಯಲು ಜೊತೆ ಸಿಗದ ಅಣುಗಳು ಉಳಿದು ನೆಲ ಅಂಟಂಟಾಗಿಯೇ ಇರುತ್ತದೆ. ಡಬ್ಬಿಯ ಮೇಲೆ ಬರೆದ ಅಳತೆಯೇ ಸರಿ.

ಹೀಗೆ ಹೆಣೆದುಕೊಳ್ಳುವಾಗ ಶಾಖ ಹುಟ್ಟುತ್ತದೆ. ಪಾತ್ರೆಯಲ್ಲಿರುವ ಅನ್ನ ಬಹಳ ಹೊತ್ತು ಬಿಸಿಯಾಗಿರುತ್ತದೆ, ತಟ್ಟೆಯಲ್ಲಿ ಹರಡಿದರೆ ಬೇಗ ಆರುತ್ತದೆ, ಅಲ್ಲವೇ? ಕಲಸಿದ ಎಪಾಕ್ಸಿಯನ್ನು ಬಕೆಟ್ಟಿನಲ್ಲೇ ಬಿಟ್ಟರೆ ಬಿಸಿಯೇರಿ ಬಕೆಟ್ಟಿನೊಳಗೇ ಕಲ್ಲಾಗುತ್ತದೆ. ನೆಲದ ಮೇಲೆ ತೆಳುವಾಗಿ ಹರಡಿದರೆ ಶಾಖ ಹೊರಗೆ ಹೋಗಿ, ಕೆಲಸಕ್ಕೆ ಸಮಯ ಸಿಗುತ್ತದೆ. ಪೇಂಟರ್ ಒಂದೇ ಸಲ ಎಲ್ಲವನ್ನೂ ಕಲಸದೆ ಸ್ವಲ್ಪ ಸ್ವಲ್ಪವೇ ಕಲಸುವುದು ಇದಕ್ಕೇ.

ಆದರೆ ಕಲಸುವ ಮೊದಲು ನೆಲವನ್ನು ಸಿದ್ಧ ಮಾಡಬೇಕು. ಹೊಸ ಕಾಂಕ್ರೀಟ್ ಆದರೆ ಕನಿಷ್ಠ 28 ದಿನ ಕಾಯಬೇಕು. ಹಳೆಯದಾದರೆ ಎಣ್ಣೆ ಕಲೆಗಳನ್ನು ಸೋಪಿನ ನೀರು ಹಾಕಿ ಉಜ್ಜಿ ತೆಗೆಯಬೇಕು. ಬಿರುಕುಗಳನ್ನು ಮುಚ್ಚಬೇಕು. ಆಮೇಲೆ ಗ್ರೈಂಡಿಂಗ್ ಮೆಷಿನ್ನಿನಿಂದ ಮೇಲ್ಪದರವನ್ನು ತುಸು ಉಜ್ಜಿ ಒರಟು ಮಾಡಬೇಕು. ನುಣುಪಾದ ಗಾಜಿನ ಮೇಲೆ ಕಾಲು ಊರಲು ಆಗುತ್ತದೆಯೇ? ಲೇಪಕ್ಕೂ ಕಾಲೂರಲು ಒರಟು ಬೇಕು. ಕೊನೆಗೆ ಪುಡಿಯನ್ನೆಲ್ಲ ತೆಗೆದು ನೆಲವನ್ನು ಒಣಗಿಸಬೇಕು.

ಹೊರಗೆ ಒಣಗಿದಂತೆ ಕಂಡರೂ ನೆಲದ ಒಳಗೆ ತೇವ ಅಡಗಿರಬಹುದು. ಅದನ್ನು ಪತ್ತೆ ಮಾಡುವ ಉಪಾಯ ಹೀಗಿದೆ: ಒಂದೂವರೆ ಅಡಿ ಉದ್ದ, ಅಷ್ಟೇ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ನೆಲದ ಮೇಲೆ ಹಾಸಿ, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ. ಕನಿಷ್ಠ 16 ಗಂಟೆ ಬಿಟ್ಟು ಬಿಡಿಸಿ. ಹಾಳೆಯ ಅಡಿ ನೀರಿನ ಹನಿ ಕಂಡರೆ ಅಥವಾ ಅಲ್ಲಿನ ನೆಲ ಕಪ್ಪಾಗಿದ್ದರೆ, ಕೆಳಗಿನಿಂದ ತೇವ ಏರುತ್ತಿದೆ ಎಂದರ್ಥ. ಅಂಥ ನೆಲಕ್ಕೆ ಲೇಪ ಹಾಕಿದರೆ ಗುಳ್ಳೆ ಏಳುತ್ತದೆ. ದೂರ ಓಡಿ ಬಂದ ಕಾರಿನ ಬಿಸಿ ಟೈರು ಅದನ್ನು ಸಿಪ್ಪೆ ಸುಲಿದಂತೆ ಎಬ್ಬಿಸುತ್ತದೆ. ಹಾಕಿದ ದುಡ್ಡೂ ಅದರ ಜೊತೆ ಎದ್ದುಹೋಗುತ್ತದೆ. ಮಳೆಗಾಲದಲ್ಲಿ ಈ ಕೆಲಸ ಬೇಡ ಅನ್ನುವುದೂ ಇದೇ ಕಾರಣಕ್ಕೆ.

ಇನ್ನು ಅಜ್ಜ ಅಜ್ಜಿಯರು ಪೇಂಟರ್‌ಗೆ ಕೇಳಲೇಬೇಕಾದ ಒಂದು ಪ್ರಶ್ನೆ ಇದೆ: "ಒದ್ದೆಯಾದರೆ ಜಾರುತ್ತದೆಯೇನಪ್ಪಾ?" ಕನ್ನಡಿಯಂತೆ ಹೊಳೆಯುವ ಎಪಾಕ್ಸಿ ನೋಡಲು ಚೆಂದ. ಮಳೆಯಲ್ಲಿ ನೆನೆದು ಬಂದ ಗಾಡಿಯಿಂದ ನೀರು ಇಳಿದರೆ ಅದೇ ನೆಲ ಅಪಾಯ. ವಯಸ್ಸಾದವರು ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ತಿಂಗಳುಗಟ್ಟಲೆ ಹಾಸಿಗೆ ಹಿಡಿಯಬೇಕಾಗಬಹುದು. ಇದಕ್ಕೆ ಪರಿಹಾರ ಸರಳ. ಲೇಪ ಹಸಿಯಿರುವಾಗಲೇ ಅದರ ಮೇಲೆ ನಯವಾದ ಸ್ಫಟಿಕ ಮರಳನ್ನು ಸಮನಾಗಿ ಉದುರಿಸಿ, ಮೇಲೆ ಇನ್ನೊಂದು ಕೋಟ್ ಹಚ್ಚಿಸಬೇಕು. ಹೊಳಪು ಕೊಂಚ ಕಡಿಮೆಯಾಗುತ್ತದೆ, ಕಾಲಿಗೆ ಹಿಡಿತ ಸಿಗುತ್ತದೆ. ಗುಡಿಸಲು ತುಸು ಕಷ್ಟ, ಆದರೂ ಇದನ್ನು ಬಿಡಬೇಡಿ. ಹಾಗೆಯೇ ಬಿಸಿಲು ನೇರವಾಗಿ ಬೀಳುವ ಕಡೆ ಎಪಾಕ್ಸಿ ಹಳದಿಗೆ ತಿರುಗುತ್ತದೆ. ಅಲ್ಲಿಗೆ ಬಿಸಿಲು ತಡೆಯುವ ಮೇಲ್ಲೇಪ ಕೇಳಿ.

ಮಕ್ಕಳೇ, ಕಲಸುವ, ಹಚ್ಚುವ ಕೆಲಸ ದೊಡ್ಡವರದು. ಹಾರ್ಡನರ್ ಮೈಗೆ ತಾಗಿದರೆ ತುರಿಕೆ, ಅಲರ್ಜಿ ಆಗಬಹುದು. ಒಮ್ಮೆ ಅಲರ್ಜಿ ಶುರುವಾದರೆ ಮುಂದೆ ಸ್ವಲ್ಪ ತಾಗಿದರೂ ಮತ್ತೆ ಬರುತ್ತದೆ. ಹಚ್ಚುವವರು ನೈಟ್ರೈಲ್ ಕೈಗವಸು, ಕನ್ನಡಕ ಹಾಕಿಕೊಳ್ಳಬೇಕು. ಗಾಳಿ ಆಡುವಂತೆ ಬಾಗಿಲು ತೆರೆದಿರಬೇಕು. ಉಬ್ಬಸ ಇರುವವರು ಅತ್ತ ಸುಳಿಯದಿರುವುದು ಒಳ್ಳೆಯದು. ಗ್ರೈಂಡಿಂಗ್ ಮಾಡುವಾಗ ಏಳುವ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು, ಆದ್ದರಿಂದ ಕೆಲಸದವರಿಗೆ ಮಾಸ್ಕ್ ಇದೆಯೇ ಎಂದು ಮನೆಯವರೇ ವಿಚಾರಿಸಬೇಕು. ಹಚ್ಚಿದ ಮೇಲೆ ಸಾಮಾನ್ಯವಾಗಿ ಒಂದು ದಿನ ಕಳೆದರೆ ನಡೆದಾಡಬಹುದು. ಗಾಡಿ ನಿಲ್ಲಿಸಲು ಒಂದು ವಾರ ಕಾಯುವುದು ಕ್ಷೇಮ. ಅಲ್ಲಿಯವರೆಗೆ ಬೆಕ್ಕು, ನಾಯಿ ಹೆಜ್ಜೆ ಇಡದಂತೆ ಕಾಯುವ ಕೆಲಸ ನಿಮ್ಮದು.

ಈ ವಾರದ ಪ್ರಯೋಗ: ಗಾಡಿ ನಿಲ್ಲಿಸುವ ನೆಲದಲ್ಲಿ ನಾಲ್ಕೈದು ಕಡೆ ಒಂದೊಂದು ಚಮಚ ನೀರು ಹಾಕಿ. ಎಲ್ಲಿ ನೀರು ಬೇಗ ಇಂಗುತ್ತದೆ, ಎಲ್ಲಿ ಮುತ್ತಿನಂತೆ ನಿಲ್ಲುತ್ತದೆ ಎಂದು ಬರೆದುಕೊಳ್ಳಿ. ನಿಂತ ಕಡೆ ಎಣ್ಣೆಯೋ ಹಳೆಯ ಲೇಪವೋ ಇದೆ ಎಂದು ಲೆಕ್ಕ. ನೀರು ಒರೆಸುವುದನ್ನು ಮರೆಯಬೇಡಿ, ಅಜ್ಜ ಜಾರಿಯಾರು!