ಬೆಳ್ಳಿ ಪದಕ ಯಾರ ಕೊರಳಿಗೆ?

ಸೆಪ್ಟೆಂಬರ್ 5 ಬಂತೆಂದರೆ ಶಾಲು, ಹಾರ, ಹಣ್ಣಿನ ಬುಟ್ಟಿ ಮಾರುವವರಿಗೆ ನಾಲ್ಕು ಕಾಸಿನ ವ್ಯಾಪಾರ. ಅದಕ್ಕೆ ನಮ್ಮ ತಕರಾರಿಲ್ಲ. ಪೇಟೆಯ ಹೂವಾಡಿಗರೂ ಬದುಕಬೇಕು. ನಮ್ಮ ತಕರಾರು ಆ ಹಾರ ಯಾವ ಕೊರಳಿಗೆ ಬೀಳುತ್ತದೆ, ಯಾವ ಕೊರಳನ್ನು ತಪ್ಪಿಸಿಕೊಂಡು ಹೋಗುತ್ತದೆ ಎಂಬುದರ ಬಗ್ಗೆ.

ಕೇಂದ್ರ ಸರಕಾರ ಉಪಾಧ್ಯಾಯರಿಗೆ ರಾಷ್ಟ್ರೀಯ ಪ್ರಶಸ್ತಿ ಕೊಡಲು ಆರಂಭಿಸಿದ್ದು 1958ರಲ್ಲಿ. ಕಾಲೇಜಿನಲ್ಲಿ ಪಾಠ ಹೇಳುವವನೂ ಉಪಾಧ್ಯಾಯನೇ ಎಂಬುದು ದೆಹಲಿಗೆ ಹೊಳೆಯಲು ಅಲ್ಲಿಂದ 65 ವರ್ಷ ಹಿಡಿಯಿತು. 2023ರಲ್ಲಿ ಪದವಿ ಕಾಲೇಜು, ಪಾಲಿಟೆಕ್ನಿಕ್‌ಗಳ ಅಧ್ಯಾಪಕರನ್ನೂ ಸೇರಿಸಿಕೊಂಡರು. ಆ ವರ್ಷ ಪ್ರಶಸ್ತಿ ಪಡೆದ 75 ಮಂದಿಯಲ್ಲಿ 13 ಮಂದಿ ಉನ್ನತ ಶಿಕ್ಷಣದವರು. 50,000 ರೂಪಾಯಿ, ಒಂದು ಬೆಳ್ಳಿ ಪದಕ, ಒಂದು ಪ್ರಮಾಣಪತ್ರ. ಹೊಸ ಬಗೆಯಲ್ಲಿ ಪಾಠ ಮಾಡಿದವರನ್ನು, ಹೊಸ ಉಪಕರಣವನ್ನು ಬುದ್ಧಿ ಉಪಯೋಗಿಸಿ ಬಳಸಿದವರನ್ನು ಗೌರವಿಸುವ ಮಾತು ಕೇಳಲು ಇಂಪಾಗಿದೆ. ಆದರೆ ಬಾಗಿಲಲ್ಲೇ ಒಬ್ಬ ಕಾವಲುಗಾರನನ್ನು ನಿಲ್ಲಿಸಿದ್ದಾರೆ. ಅರ್ಜಿ ಹಾಕುವವನು ಖಾಯಂ ಅಧ್ಯಾಪಕನಾಗಿರಬೇಕು!

ಓದುಗ ಬಂಧುಗಳೇ, ನಿಮ್ಮ ಮಕ್ಕಳು ಓದುವ ಸರಕಾರಿ ಪ್ರಥಮ ದರ್ಜೆ ಕಾಲೇಜಿಗೆ ಒಮ್ಮೆ ಹೋಗಿ, ಪಾಠ ಮಾಡುತ್ತಿರುವವರಲ್ಲಿ ಖಾಯಂ ಆದವರು ಎಷ್ಟು ಮಂದಿ ಎಂದು ಕೇಳಿ ನೋಡಿ. 2023ರ ನವೆಂಬರಿನಲ್ಲಿ ಅತಿಥಿ ಉಪನ್ಯಾಸಕರು ತರಗತಿ ಬಹಿಷ್ಕರಿಸಿ ಬೀದಿಗೆ ಬಂದಾಗ ರಾಜ್ಯದಲ್ಲಿ ಅವರ ಸಂಖ್ಯೆ ಹತ್ತು ಸಾವಿರ ಮೀರಿತ್ತು. ಅವರು ಹೊರಗೆ ನಿಂತರು, ಕಾಲೇಜುಗಳೂ ನಿಂತುಹೋದವು. ಯಾರ ಹೆಗಲ ಮೇಲೆ ಕಾಲೇಜು ನಿಂತಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

'ಅತಿಥಿ' ಎಂಬ ಹೆಸರು ನೋಡಿ, ಎಷ್ಟು ಚೆಂದ! ಗಿರಣಿಯಲ್ಲಿ ದುಡಿದವರಿಗೆ ಇದರ ನಿಜವಾದ ಹೆಸರು ಗೊತ್ತು. ಬದಲಿ. ಬೆಳಿಗ್ಗೆ ಗೇಟಿನ ಮುಂದೆ ನಿಂತು, ಇಂದು ಕೆಲಸ ಉಂಟೋ ಇಲ್ಲವೋ ಎಂದು ಜಾಬರನ ಮುಖ ನೋಡುತ್ತಿದ್ದ ಬದಲಿಯ ತಮ್ಮನೇ ಈ ಅತಿಥಿ. ವ್ಯತ್ಯಾಸವೆಂದರೆ ಆತ ದಿನ ದಿನ ನೋಡುತ್ತಿದ್ದ, ಈತ ವರ್ಷ ವರ್ಷ ನೋಡುತ್ತಾನೆ. 2022ರ ಜನವರಿಯಲ್ಲಿ ಸರಕಾರ ಇವರ ಗೌರವಧನವನ್ನು 11 ಮತ್ತು 13 ಸಾವಿರದಿಂದ 26ರಿಂದ 32 ಸಾವಿರದವರೆಗೆ ಏರಿಸಿತು. ಜೊತೆಗೇ ಪಾಠದ ಅವಧಿಯನ್ನು ವಾರಕ್ಕೆ 15 ಗಂಟೆಗೆ ಏರಿಸಿತು. ಪರಿಣಾಮವಾಗಿ ಸಾವಿರಾರು ಮಂದಿಗೆ ಕೆಲಸವೇ ತಪ್ಪಿತು. ಒಬ್ಬ ನೇಕಾರನಿಗೆ ಎರಡಿದ್ದ ಮಗ್ಗ ನಾಲ್ಕು ಮಾಡಿ, ಮಜೂರಿ ಏರಿಸಿದೆವೆಂದು ಡಂಗುರ ಹೊಡೆದು, ಉಳಿದವನನ್ನು ಮನೆಗೆ ಕಳಿಸುವ ಲೆಕ್ಕ ನಮಗೇನು ಹೊಸದೇ?

ಇಂಥ ಒಬ್ಬ ಬದಲಿ ಮೇಷ್ಟ್ರನ್ನು ನಾನು ಬಲ್ಲೆ. ಭೌತಶಾಸ್ತ್ರದವರು. ಅವರ ಕಾಲೇಜಿನ ಪ್ರಯೋಗಶಾಲೆಯಲ್ಲಿ ಇಪ್ಪತ್ತು ಹುಡುಗರಿಗೆ ಒಂದು ನಿಲ್ಲುಗಡಿಯಾರ, ಅದೂ ಆಗಾಗ ನಿಂತೇ ಇರುವುದು. ಅವರು ತಮ್ಮ ಹಳೆಯ ಮೊಬೈಲ್ ಫೋನನ್ನು ಬಟ್ಟೆಯ ಚೀಲದಲ್ಲಿಟ್ಟು, ವರಾಂಡದ ತೊಲೆಗೆ ಹಗ್ಗ ಕಟ್ಟಿ ತೂಗಿಬಿಟ್ಟರು. ಫೋನಿನೊಳಗೆ ಚಲನೆಯನ್ನು ಅಳೆಯುವ ಸಣ್ಣ ಸಾಧನವಿರುತ್ತದೆ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು 2016ರಲ್ಲಿ ಹೊರತಂದ 'ಫೈಫಾಕ್ಸ್' ಎಂಬ ಉಚಿತ ತಂತ್ರಾಂಶ ಅದು ಅಳೆದದ್ದನ್ನು ಗೆರೆಯಾಗಿ ತೋರಿಸುತ್ತದೆ. ಒಂದು ಮೀಟರ್ ಹಗ್ಗವಾದರೆ ಒಮ್ಮೆ ಹೋಗಿ ಬರಲು ಹೆಚ್ಚುಕಡಿಮೆ ಎರಡು ಸೆಕೆಂಡು. ಹಗ್ಗವನ್ನು ನಾಲ್ಕು ಪಟ್ಟು ಉದ್ದ ಮಾಡಿದರೂ ಸಮಯ ಎರಡೇ ಪಟ್ಟು. ಹಮಾಲನ ಮಗಳೊಬ್ಬಳು ಈ ಲೆಕ್ಕವನ್ನು ತಾನೇ ಹಾಕಿ, ಭೂಮಿಯ ಸೆಳೆತವನ್ನು ಪುಸ್ತಕದಲ್ಲಿರುವ ಅಂಕೆಯ ಹತ್ತಿರಕ್ಕೆ ತಂದು ನಿಲ್ಲಿಸಿದಳು. ಖರ್ಚು, ಒಂದು ಹಗ್ಗ.

ಅದೇ ಕಾಲೇಜಿನಲ್ಲಿ ಒಂದು 'ಸ್ಮಾರ್ಟ್' ಫಲಕವೂ ಇದೆ. ಅದರ ಮೇಲೆ ಸದಾ ಬಟ್ಟೆ ಹೊದಿಸಿರುತ್ತದೆ. ಕೋಣೆಯ ಬೀಗದ ಕೈ ಪ್ರಾಂಶುಪಾಲರ ಬಳಿ. ತಪಾಸಣೆಯ ತಂಡ ಬಂದ ದಿನ ಬಟ್ಟೆ ಸರಿಸಿ, ಅದರ ಮುಂದೆ ಖಾಯಂ ಅಧ್ಯಾಪಕರೊಬ್ಬರನ್ನು ನಿಲ್ಲಿಸಿ ಫೋಟೋ ತೆಗೆದರು. ತಂತ್ರಜ್ಞಾನ ಬಳಸುವ ಅಧ್ಯಾಪಕರೆಂದು ವರದಿಯಲ್ಲಿ ಬಂದದ್ದು ಅವರ ಹೆಸರು. ವರಾಂಡದ ಹಗ್ಗವನ್ನು, ನೋಡಲು ಚೆನ್ನಾಗಿಲ್ಲವೆಂದು, ಹಿಂದಿನ ದಿನವೇ ಬಿಚ್ಚಿಸಿದ್ದರು.

ಯಂತ್ರಕ್ಕೆ ಆರತಿ ಎತ್ತಿ ಮೇಷ್ಟ್ರನ್ನು ಮರೆಯುವ ಈ ಚಾಳಿ ಇಂದಿನದಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ ಅಮೆರಿಕದ ಉಪಗ್ರಹವೊಂದನ್ನು ಎರವಲು ತಂದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ಪಾಠ ತೋರಿಸಿದರು. ನಮ್ಮ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ವರ್ಷ ಮುಗಿಯಿತು, ಉಪಗ್ರಹ ಹೊರಟುಹೋಯಿತು. 1984ರ ಆಗಸ್ಟ್ 15ರಿಂದ ದೂರದರ್ಶನದಲ್ಲಿ ಕಾಲೇಜು ಪಾಠ ಬಂತು, ಬಹುಪಾಲು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಓದಿದ ಹುಡುಗ ಚಿತ್ರ ನೋಡಿ ಎದ್ದುಹೋದ. 2004ರಲ್ಲಿ ಶಿಕ್ಷಣಕ್ಕೆಂದೇ 'ಎಜುಸ್ಯಾಟ್' ಹಾರಿಸಿದರು. 2021ರಲ್ಲಿ ನಮ್ಮ ರಾಜ್ಯ ಸರಕಾರಿ ಕಾಲೇಜುಗಳ ಒಂದೂವರೆ ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಹಂಚಿತು. ಇದನ್ನೆಲ್ಲ ದಂಡವೆಂದು ನಾನು ಹೇಳುವುದಿಲ್ಲ. ಬಡವನ ಮಗನ ಕೈಗೆ ಒಂದು ಸಾಧನ ಬಂದರೆ ಸಂತೋಷವೇ. ಆದರೆ ಸಾಧನಕ್ಕೆ ಕೋಟಿ ಸಿಕ್ಕಿದಾಗ, ಅದನ್ನು ಪಾಠವನ್ನಾಗಿ ಮಾಡಬೇಕಾದವನಿಗೆ ಏನು ಸಿಕ್ಕಿತು? ರೋಗದ ಆ ವರ್ಷಗಳಲ್ಲಿ ತನ್ನದೇ ಫೋನಿನಿಂದ, ತನ್ನದೇ ದುಡ್ಡಿನಲ್ಲಿ ಪಾಠ ಕಳಿಸಿದವನಿಗೆ ರೀಚಾರ್ಜಿನ ಹಣವನ್ನಾದರೂ ಯಾರು ಕೊಟ್ಟರು?

ಹೊರದೇಶದ ಒಂದು ನಿದರ್ಶನ ಕೇಳಿ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಎರಿಕ್ ಮಜೂರ್ ಎಂಬ ಭೌತಶಾಸ್ತ್ರದ ಪ್ರಾಧ್ಯಾಪಕರಿದ್ದಾರೆ (ಹೆಸರೇ ಮಜೂರ್, ನಮ್ಮವರೇ ಅನ್ನಿ). ತಮ್ಮ ವಿದ್ಯಾರ್ಥಿಗಳು ದೊಡ್ಡ ಲೆಕ್ಕ ಬಿಡಿಸುತ್ತಾರೆ, ಆದರೆ ವಿಷಯ ಅರ್ಥವಾಗಿಲ್ಲವೆಂದು ಅವರಿಗೆ ಗೊತ್ತಾಯಿತು. 1991ರಿಂದ ಉಪನ್ಯಾಸವನ್ನು ನಡುನಡುವೆ ನಿಲ್ಲಿಸಿ ಒಂದು ಪ್ರಶ್ನೆ ಹಾಕತೊಡಗಿದರು. ಪ್ರತಿಯೊಬ್ಬನೂ ತನ್ನ ಉತ್ತರಕ್ಕೆ ಮತ ಕೊಡಬೇಕು, ಪಕ್ಕದವನೊಡನೆ ವಾದಿಸಬೇಕು, ಮತ್ತೆ ಮತ ಕೊಡಬೇಕು. ಮತ ಎಣಿಸಲು ಅಲ್ಲಿ ವಿದ್ಯುತ್ ಗುಂಡಿಗಳು ಬಂದವು. ಗುಂಡಿ ಇಲ್ಲದಿದ್ದರೆ ಬಣ್ಣದ ರಟ್ಟಿನ ಚೀಟಿಯೂ ಸಾಕು. 2014ರಲ್ಲಿ ಅವರಿಗೆ ಐದು ಲಕ್ಷ ಡಾಲರಿನ 'ಮಿನರ್ವಾ' ಬಹುಮಾನ ಬಂದದ್ದು ಗುಂಡಿಗಾಗಿ ಅಲ್ಲ, ಆ ವಿಧಾನಕ್ಕಾಗಿ. ನಮ್ಮ ಊರಿನ ಬದಲಿ ಮೇಷ್ಟ್ರು ಇದನ್ನೇ ರಟ್ಟಿನ ಚೀಟಿಯಲ್ಲಿ ಮಾಡಿದರೆ ಅವರಿಗೆ ಅರ್ಜಿ ಹಾಕುವ ಹಕ್ಕೂ ಇಲ್ಲ.

ನಮ್ಮ ಸಂಗಾತಿಗಳಲ್ಲೇ ಕೆಲವರು ಮೂಗು ಮುರಿಯುತ್ತಾರೆ. "ಪದಕದಿಂದ ಹೊಟ್ಟೆ ತುಂಬುತ್ತದೆಯೇ? ಮೊದಲು ಖಾಯಂ ಮಾಡಲಿ" ಎನ್ನುತ್ತಾರೆ. ಖಾಯಂ ಮಾಡಲೇಬೇಕು, ಅದರಲ್ಲಿ ರಾಜಿ ಇಲ್ಲ. ಆದರೆ ಅಲ್ಲಿಯವರೆಗೆ ಬಾಯಿ ಮುಚ್ಚಿಕೊಂಡಿರಬೇಕೆನ್ನುವುದು ಸರಿಯಲ್ಲ. ವರ್ಷ ವರ್ಷದ ಆಯ್ಕೆಯಲ್ಲಿ ಪದವಿಯ ಅಂಕ, ಸೇವೆಯ ವರ್ಷ ಎಣಿಸುತ್ತಾರೆ. ತರಗತಿಯಲ್ಲಿ ಏನು ಮಾಡಿದನೆಂಬುದಕ್ಕೆ ಅಲ್ಲಿ ಖಾನೆಯೇ ಇಲ್ಲ. ಒಳ್ಳೆಯ ಕೆಲಸಕ್ಕೆ ದಾಖಲೆ ಇಲ್ಲದಿದ್ದರೆ, ಖಾಯಂ ಮಾಡುವ ದಿನ ಬಂದಾಗ ಯಾರು ಒಳಗೆ, ಯಾರು ಹೊರಗೆ ಎಂದು ತೀರ್ಮಾನಿಸುವುದು ಯಾವುದರ ಮೇಲೆ? ಶಿಫಾರಸಿನ ಚೀಟಿಯ ಮೇಲೆ!

ಅಂಗಡಿಕಾರ ಮಿತ್ರರು ಇದು ತಮಗೆ ಸಂಬಂಧಿಸಿದ್ದಲ್ಲವೆಂದು ಪುಟ ತಿರುವಬಾರದು. ನಿಮ್ಮ ಮಗಳಿಗೆ ವಾಣಿಜ್ಯದ ಮೇಷ್ಟ್ರು ನಿಮ್ಮದೇ ಅಂಗಡಿಯ ಬಿಲ್ಲುಗಳನ್ನು ತರಿಸಿ, ಫೋನಿನ ಉಚಿತ ಲೆಕ್ಕದ ಹಾಳೆಯಲ್ಲಿ ಜಿ.ಎಸ್.ಟಿ. ಕೂಡಿ ಕಳೆಯುವುದನ್ನು ಕಲಿಸಿದರೆ, ತಿಂಗಳ ಕೊನೆಗೆ ಲೆಕ್ಕದವನ ಮುಂದೆ ಕೈಕಟ್ಟಿ ನಿಲ್ಲುವುದು ನಿಮಗೆ ತಪ್ಪುತ್ತದೆ.

ಆದ್ದರಿಂದ ನಾವು ಕೇಳುವುದು ದೊಡ್ಡದೇನಲ್ಲ. ಪ್ರಶಸ್ತಿಯ ಬಾಗಿಲಿನಿಂದ 'ಖಾಯಂ' ಎಂಬ ಕಾವಲುಗಾರನನ್ನು ತೆಗೆಯಿರಿ. ದೆಹಲಿ ಒಪ್ಪದಿದ್ದರೆ ಬೆಂಗಳೂರು ತನ್ನದೇ ಪ್ರಶಸ್ತಿ ಇಡಲಿ. ಪರೀಕ್ಷಕರು ಮೊದಲೇ ಹೇಳದೆ ಒಂದು ಸಾಮಾನ್ಯ ಮಂಗಳವಾರ ಬಂದು ಹಿಂದಿನ ಬೆಂಚಿನಲ್ಲಿ ಕೂರಲಿ, ಹುಡುಗರನ್ನು ಕೇಳಲಿ. ಗೆದ್ದವರ ಪಾಠ ಹೇಗೆ ನಡೆಯಿತೆಂಬುದನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಎಲ್ಲ ಕಾಲೇಜುಗಳಿಗೂ ಕಳಿಸಲಿ. ಶಾಲಿನ ಖರ್ಚು ಉಳಿಸಿದರೆ ಅಚ್ಚಿನ ಖರ್ಚು ಹುಟ್ಟುತ್ತದೆ.

ಇಷ್ಟರಲ್ಲಿ ನಿಮ್ಮ ಕೈಲಾಗುವ ಕೆಲಸವೊಂದಿದೆ. ರಾತ್ರಿ ಪಾಳಿ ಮುಗಿಸಿ ಬಂದಾಗ, ಅಂಗಡಿ ಬಾಗಿಲು ಹಾಕಿದ ಮೇಲೆ, ನಿಮ್ಮ ಮಕ್ಕಳನ್ನು ಕೇಳಿ: ನಿಮ್ಮ ಕಾಲೇಜಿನಲ್ಲಿ ಅರ್ಥವಾಗುವಂತೆ ಪಾಠ ಮಾಡುವವರು ಯಾರು, ಹೇಗೆ ಮಾಡುತ್ತಾರೆ, ಖಾಯಮ್ಮೋ ಬದಲಿಯೋ? ಉತ್ತರವನ್ನು ಒಂದು ಕಾರ್ಡಿನಲ್ಲಿ ಬರೆದು ನಮ್ಮ ಕಾರ್ಯಾಲಯಕ್ಕೆ ಕಳಿಸಿ. ಮೇಷ್ಟ್ರ ಒಪ್ಪಿಗೆ ಪಡೆದೇ ಬರೆಯಿರಿ. ಹೆಸರು ಅಚ್ಚಾದ ಮರುವರ್ಷ ಕೆಲಸ ಹೋದೀತೆಂಬ ಅಂಜಿಕೆ ಅವರಲ್ಲಿ ಅನೇಕರಿಗೆ ಇದೆ.