ತುಂಬಿದ ಜಲಾಶಯ ರನ್‌ವೇ ಅಲ್ಲ

ಸೀಪ್ಲೇನಿಗೆ ವಿಮಾನ ನಿಲ್ದಾಣ ಬೇಡ, ತುಂಬಿದ ಜಲಾಶಯವೊಂದಿದ್ದರೆ ಸಾಕು ಎಂಬ ಮಾತು ಅರ್ಧ ನಿಜ. ಭೂಸ್ವಾಧೀನದ ಜಗಳ ತಪ್ಪುವುದು ಸಣ್ಣ ಲಾಭವಲ್ಲ. ಮಾಲ್ದೀವ್ಸ್‌ನ ದ್ವೀಪಗಳಿಗೆ ಸೀಪ್ಲೇನ್ ನಿತ್ಯದ ಸವಾರಿ. ಆದರೆ ಆ ಮಾತಿನ ಪೊಳ್ಳುತನ ಗೊತ್ತಾಗುವುದು ನೀರಿನಿಂದ ಮೇಲೇಳುವುದನ್ನು ಕಲಿಯುವಾಗ.

ಫ್ಲೋಟ್ ಕಟ್ಟಿದ ವಿಮಾನ ಮೊದಲು ನೀರನ್ನು ಸೀಳಿಕೊಂಡು ಸಾಗಬೇಕು. ಮೂಗು ಮೇಲೆದ್ದು ಎದುರಿನದು ಮರೆಯಾಗುತ್ತದೆ, ನೀರಿನ ಎಳೆತ ಏರುತ್ತದೆ. ಆ ಘಟ್ಟ ದಾಟಿದ ಮೇಲೆ ಫ್ಲೋಟಿನ ತಳದ ಮೆಟ್ಟಿಲಿನ ಮೇಲೆ ವಿಮಾನ ಜಾರತೊಡಗುತ್ತದೆ. ಆಗ ಮೂಗಿನ ಕೋನ ಕೆಲವೇ ಡಿಗ್ರಿ ತಪ್ಪಿದರೂ ಹಿಂದೆಮುಂದೆ ಕುಪ್ಪಳಿಕೆ ಶುರು. ಪಾರ್ಪಾಯ್ಸಿಂಗ್ ಎನ್ನುವ ಇದು ಪ್ರತಿ ಸಲವೂ ದೊಡ್ಡದಾಗುತ್ತ ವಿಮಾನವನ್ನೇ ಮಗುಚಬಲ್ಲದು. ಎಂಜಿನ್ ಶಕ್ತಿ ಇಳಿಸಿ ಓಟ ಕೈಬಿಡುವುದು ಮದ್ದು. ಕಲಿಯುವವನ ಕೈ ಮಾತ್ರ ಕುಪ್ಪಳಿಕೆಯ ಹಿಂದೆ ಓಡಿ, ಅದನ್ನು ಇನ್ನಷ್ಟು ಕೆರಳಿಸುತ್ತದೆ. ಅಲೆಯಿಲ್ಲದ ನೀರು ಸಲೀಸೆಂದುಕೊಂಡರೆ ಅದೂ ತಪ್ಪು: ಅದು ಫ್ಲೋಟನ್ನು ಹಿಡಿದುಕೊಳ್ಳುತ್ತದೆ. ನೀರು ಮೆತ್ತಗಲ್ಲವೇ ಎನ್ನುವವರು ಎಂದೂ ಬಾವಿಗೆ ಹೊಟ್ಟೆಯಡಿಯಾಗಿ ಬಿದ್ದವರಲ್ಲ.

ನೆಲದ ಕಥೆ ಬೇರೆ. 2023ರ ಮೇ 30ರಂದು ಬೆಳಗಾವಿಯ ಸಾಂಬ್ರಾದಿಂದ ಹಾರಿದ ತರಬೇತಿ ವಿಮಾನವೊಂದು ಹೊನ್ನಿಹಾಳದ ಹೊಲಕ್ಕೆ ಇಳಿಯಿತು; ಒಳಗಿದ್ದ ಇಬ್ಬರೂ ಬದುಕಿದರು. ನೀರಿನಲ್ಲಿ ಮಗುಚಿದರೆ ಪೆಟ್ಟಾಗದವನೂ ತಲೆಕೆಳಗಾಗಿ, ಮುಳುಗುತ್ತಲೇ ಬೆಲ್ಟ್ ಬಿಚ್ಚಿ ಬಾಗಿಲು ತಡಕಬೇಕು.

ಎಲ್ಲವನ್ನೂ ಕಲಿಯುವವನ ತಲೆಗೆ ಕಟ್ಟುವುದೂ ಸೋಮಾರಿತನವೇ. 2024ರ ಜೂನ್ 8ರಂದು ವ್ಯಾಂಕೂವರ್ ಬಂದರಿನಲ್ಲಿ ಮೇಲೇಳುತ್ತಿದ್ದ ಪ್ರಯಾಣಿಕರ ಬೀವರ್ ಸೀಪ್ಲೇನ್ ದೋಣಿಗೆ ಅಪ್ಪಳಿಸಿತು. ಅಲ್ಲಿ ತರಬೇತಿ ನಡೆದಿರಲಿಲ್ಲ. ರನ್‌ವೇಗೆ ಬೇಲಿಯುಂಟು, ನೀರಿಗೆ ಇಲ್ಲ.

ಇನ್ನು ಜಲಾಶಯದ ಮಾತು. ನವಿಲುತೀರ್ಥದ ರೇಣುಕಾಸಾಗರ ಜಲಾಶಯವನ್ನೇ ನೋಡಬಹುದು. 2079.50 ಅಡಿಗೆ ತುಂಬಿದಾಗ ಅದರಲ್ಲಿ ಸುಮಾರು 37.73 ಟಿಎಂಸಿ ನೀರು. ಅದು ಇರುವುದು ಹೊಲಕ್ಕೆ, ಬಾಯಿಗೆ. ಶಲವಡಿ ಊರಿನ ಸುತ್ತಲಿನ ನವಲಗುಂದ–ಅಣ್ಣಿಗೇರಿ ಸೀಮೆ ಇದರ ಕಾಲುವೆಯ ದಾರಿ ಕಾಯುವ ಸೀಮೆ. ನೀರು ಬಿಟ್ಟಂತೆ ದಂಡೆ ಹಿಂದೆ ಸರಿಯುತ್ತದೆ, ಆಳ ಬದಲಾಗುತ್ತದೆ. ಮಳೆಗಾಲದಲ್ಲಿ ಅಳೆದ ರನ್‌ವೇ ಬೇಸಿಗೆಗೆ ಉಳಿಯದು. ವಿಮಾನಕ್ಕಾಗಿ ಮಟ್ಟ ಕಾಯ್ದುಕೊಳ್ಳಿ ಎಂದು ಈ ಭಾಗದಲ್ಲಿ ಹೇಳುವ ಧೈರ್ಯ ಯಾರಿಗಿದೆ?

ಕರ್ನಾಟಕಕ್ಕೆ ಈ ವಿದ್ಯೆ ಹೊಸದೇನಲ್ಲ. ಎರಡನೇ ಮಹಾಯುದ್ಧದಲ್ಲಿ ಕ್ಯಾಟಲಿನಾ ಹಾರುದೋಣಿಗಳು ಬೆಳ್ಳಂದೂರು ಕೆರೆಗೆ ಇಳಿದು, ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ದುರಸ್ತಿಯಾಗುತ್ತಿದ್ದವು. ಕೆರೆಯ ಪಕ್ಕದಲ್ಲೇ ರಿಪೇರಿಯ ಕೈಗಳಿದ್ದವು. ಅಂಥ ಕೈಗಳು ಹತ್ತಿರವಿರದಿದ್ದರೆ? 2020ರ ಅಕ್ಟೋಬರ್ 31ರಂದು ಸಾಬರಮತಿ–ಕೇವಡಿಯಾ ನಡುವೆ ಸಂಭ್ರಮದಿಂದ ಹಾರಿದ ಸೀಪ್ಲೇನ್ ತಿಂಗಳೊಳಗೇ ನಿರ್ವಹಣೆಗೆಂದು ಮಾಲ್ದೀವ್ಸ್‌ಗೆ ಹೋಗಬೇಕಾಯಿತು. 2021ರ ಏಪ್ರಿಲ್‌ಗೆ ಆ ಸೇವೆಯೇ ನಿಂತಿತು.